ನಿಕೊಡೆಮಸ್ ಊರನ್ನು ಕಟ್ಟಿದ್ದು ಹಿಲ್ ಅಲ್ಲ

ಅಮೆರಿಕದ ಬಯಲುಸೀಮೆಯಲ್ಲಿ ಊರುಗಳು ಹುಟ್ಟಿದ ಕಥೆ ಹೇಳುವಾಗ ಯಾವಾಗಲೂ ಒಬ್ಬ ಗಂಡಸಿನ ಹೆಸರೇ ಮೊದಲು ಬರುತ್ತದೆ. ಆತ ಬಂದ, ನಕ್ಷೆ ಬರೆಸಿದ, ಸೈಟು ಮಾರಿದ, ಊರಾಯಿತು. ಗುಲಾಮಗಿರಿಯಿಂದ ಬಿಡುಗಡೆಯಾದ ಕಪ್ಪು ಜನ ನೆಲೆಸಿದ, ಕಾನ್ಸಸ್ ರಾಜ್ಯದ ನಿಕೊಡೆಮಸ್ ಊರಿನ ಬಗ್ಗೆ ಓದಿದಷ್ಟೂ ಈ ಧಾಟಿಯ ಮೇಲೆ ನನಗೆ ಸಿಟ್ಟು ಜಾಸ್ತಿಯಾಗುತ್ತದೆ.

ಇಲ್ಲಿ ಆ ಗಂಡಸಿನ ಹೆಸರು ಡಬ್ಲ್ಯೂ. ಆರ್. ಹಿಲ್. ಜಮೀನು ವ್ಯವಹಾರದ ಬಿಳಿಯ. 1877ರಲ್ಲಿ ಡಬ್ಲ್ಯೂ. ಎಚ್. ಸ್ಮಿತ್ ಎಂಬ ಕಪ್ಪು ಪಾದ್ರಿಯ ಜೊತೆ ಸೇರಿ ಊರು ಕಟ್ಟುವ ಕಂಪನಿ ಮಾಡಿದ. ಕೆಂಟಕಿಯ ಕಪ್ಪು ಜನರ ಬಳಿ ಹೋಗಿ, ಸಾಲೊಮನ್ ನದಿ ಬಯಲಿನಲ್ಲಿ ಒಳ್ಳೆಯ ಭೂಮಿ ಇದೆ, ಬನ್ನಿ ಎಂದು ಕರೆದ. ಕೆಂಟಕಿಯಲ್ಲಿ ಗುಲಾಮಗಿರಿ ಮುಗಿದದ್ದು 1865ರ ಡಿಸೆಂಬರ್‌ನಲ್ಲಿ. ಅಂದರೆ ಬಿಡುಗಡೆಯಾಗಿ ಹನ್ನೆರಡು ವರ್ಷವೂ ತುಂಬಿರಲಿಲ್ಲ. 1862ರ ಹೋಮ್‌ಸ್ಟೆಡ್ ಕಾಯ್ದೆಯಂತೆ ಐದು ವರ್ಷ ಅಲ್ಲೇ ಇದ್ದು ಉಳುಮೆ ಮಾಡಿದರೆ 160 ಎಕರೆ ಸ್ವಂತ. ಬೇರೆಯವರ ಹೊಲದಲ್ಲಿ ಬಾರುಕೋಲಿನ ಕೆಳಗೆ ದುಡಿದವರಿಗೆ ಆ ಮಾತು ಹೇಗೆ ಕೇಳಿಸಿರಬೇಕು!

ಎಲ್ಲಿಸ್ ಎಂಬ ಪಟ್ಟಣದವರೆಗೆ ರೈಲಿತ್ತು. ಅಲ್ಲಿಂದ ಎರಡು ದಿನದ ದಾರಿ. 1878ರಲ್ಲಿ ಬಂದ ವಿಲಿಯಾನಾ ಹಿಕ್‌ಮನ್ ಎಂಬ ಹೆಣ್ಣುಮಗಳು ಆ ಗಳಿಗೆಯನ್ನು ನೆನಪಿಸಿಕೊಂಡದ್ದು ದಾಖಲಾಗಿದೆ. ಅಗೋ ನಿಕೊಡೆಮಸ್ ಅಂತ ಗಂಡಸರು ಕೂಗಿದರು. ಕಾಯಿಲೆಯಿಂದ ಸೋತಿದ್ದ ಆಕೆ ಎಷ್ಟು ನೋಡಿದರೂ ಊರು ಕಾಣಲಿಲ್ಲ. ಗಂಡ ಕೈ ತೋರಿಸಿದ. ನೆಲದೊಳಗಿಂದ ಅಲ್ಲಲ್ಲಿ ಹೊಗೆ ಏಳುತ್ತಿತ್ತು. ಜನ ಮಣ್ಣು ಅಗೆದು ಅದರೊಳಗೆ ವಾಸವಾಗಿದ್ದರು. ಆಕೆ ಅತ್ತುಬಿಟ್ಟಳು.

ಆ ನೆಲಮನೆಗಳಲ್ಲೇ ಎಲ್ಲ ನಡೆಯಿತು. 1877ರಲ್ಲಿ ತುಂಬು ಬಸುರಿಯಾಗಿ ಬಂದ ಎಮ್ಮಾ ವಿಲಿಯಮ್ಸ್, ಊರಿನ ಮೊದಲ ಮಗು ಹೆನ್ರಿಯನ್ನು ಹೆತ್ತದ್ದು ಇಲ್ಲೇ. ಜೆನ್ನಿ ಫ್ಲೆಚರ್ ತನ್ನ ನೆಲಮನೆಯಲ್ಲೇ ಮಕ್ಕಳನ್ನು ಕೂರಿಸಿಕೊಂಡು ಪಾಠ ಶುರುಮಾಡಿದಳು. ಸುತ್ತ ಮರವೇ ಇಲ್ಲ. ಒಲೆಗೆ ಸೂರ್ಯಕಾಂತಿಯ ಒಣ ದಂಟು, ಬೈಸನ್‌ಗಳ ಒಣಗಿದ ಸಗಣಿ. ಉಳಲು ಎತ್ತು, ಕುದುರೆ ಸಾಕಷ್ಟಿಲ್ಲ. ಎಷ್ಟೋ ಜನ ಗುದ್ದಲಿ, ಸನಿಕೆ ಹಿಡಿದೇ ಗಟ್ಟಿ ಹುಲ್ಲುನೆಲವನ್ನು ಒಡೆದರು. ಹಿಲ್ ಹೇಳಿದ್ದಕ್ಕೂ ಕಂಡದ್ದಕ್ಕೂ ಸಂಬಂಧವೇ ಇರಲಿಲ್ಲ. ಹಲವು ಕುಟುಂಬಗಳು ಬಂದ ದಾರಿಯಲ್ಲೇ ವಾಪಸ್ ಹೋದವು. ಅವರನ್ನು ದೂರುವುದು ಹೇಗೆ?

ಮೊದಲ ಚಳಿಗಾಲದಲ್ಲಿ ಉಳಿದವರಿಗೆ ಆಹಾರ ಕೊಟ್ಟವರು ಬೇಟೆ ಮುಗಿಸಿ ಹಿಂದಿರುಗುತ್ತಿದ್ದ ಓಸೇಜ್ ಎಂಬ ಮೂಲನಿವಾಸಿ ಜನ. ಇದನ್ನು ಓದಿ ನಾನು ಪುಸ್ತಕ ಮುಚ್ಚಿಟ್ಟು ಸುಮ್ನೆ ಕೂತಿದ್ದೆ. ಕೆಲವೇ ವರ್ಷಗಳ ಹಿಂದೆ ಓಸೇಜರನ್ನು ಕಾನ್ಸಸ್‌ನಿಂದಲೇ ಹೊರಗೆ ಕಳಿಸಲಾಗಿತ್ತು. ಹೋಮ್‌ಸ್ಟೆಡ್ ಕಾಯ್ದೆ ಹಂಚಿದ್ದು ಹೀಗೆ ಮೂಲನಿವಾಸಿಗಳ ಕೈಯಿಂದ ತಪ್ಪಿಸಿದ ಭೂಮಿಯನ್ನೇ. ನೆಲ ಕಳೆದುಕೊಂಡವರು, ಅದೇ ಸರ್ಕಾರ ಹಂಚಿದ ನೆಲಕ್ಕೆ ಬಂದವರಿಗೆ ಮಾಂಸ ಕೊಟ್ಟು ಹೋದರು. ಖಾಲಿ ಜಾಗದಲ್ಲಿ ಊರು ಕಟ್ಟಿದರು ಅಂತ ಇನ್ನೂ ಬರೆಯುವವರಿದ್ದಾರೆ. ಆ ಜಾಗ ಯಾವತ್ತೂ ಖಾಲಿ ಇರಲಿಲ್ಲ.

ಹತ್ತು ವರ್ಷದಲ್ಲಿ ಊರು ನಿಂತಿತು. ಚರ್ಚು, ಹೋಟೆಲು, ಅಂಗಡಿಗಳು, ಎರಡು ಪತ್ರಿಕೆಗಳು. ಇಲ್ಲಿ ನೆಲೆಸಿದ್ದ ಎಡ್ವರ್ಡ್ ಮೆಕೇಬ್ 1882ರಲ್ಲಿ ರಾಜ್ಯದ ಲೆಕ್ಕಪರಿಶೋಧಕನಾಗಿ ಚುನಾವಣೆ ಗೆದ್ದ. ರೈಲು ಬರಲಿ ಅಂತ ಊರವರು 1887ರಲ್ಲಿ 16,000 ಡಾಲರ್ ಸಾಲಪತ್ರ (ಬಾಂಡ್) ಹೊರಡಿಸಲು ಮತ ಹಾಕಿದರು. ರೈಲು ಬರಲಿಲ್ಲ. ಮರುವರ್ಷ ಯೂನಿಯನ್ ಪೆಸಿಫಿಕ್ ರೈಲು ಕಂಪನಿಯ ಹಳಿ ನದಿಯ ಆಚೆ ದಡದಲ್ಲಿ ಹಾದುಹೋಯಿತು. ಅಂಗಡಿಗಳು ಹಳಿಯ ಪಕ್ಕದ ಬೋಗ್ ಎಂಬ ಊರಿಗೆ ಎದ್ದುಹೋದವು.

ಈಗ ಹಿಲ್ ಹೆಸರಿನಲ್ಲಿ ಹತ್ತಿರದಲ್ಲೇ ಹಿಲ್ ಸಿಟಿ ಇದೆ. ಆ ಜಿಲ್ಲೆಗೆ, ಅಂದರೆ ಗ್ರಹಾಂ ಕೌಂಟಿಗೆ, ಅದೇ ಮುಖ್ಯ ಪಟ್ಟಣ. ಜೆನ್ನಿ, ಎಮ್ಮಾ, ವಿಲಿಯಾನಾ ಹೆಸರಿನಲ್ಲಿ ಆ ನಕ್ಷೆಯಲ್ಲಿ ಒಂದೂ ಊರಿಲ್ಲ. ಕಾಗದ ಬರೆಸಿದವನು ಕಟ್ಟಿದವನಾದರೆ, ಮೊದಲ ಚಳಿಗಾಲ ಕಳೆದವರನ್ನು ಏನೆಂದು ಕರೆಯೋಣ? ನನ್ನ ಮಟ್ಟಿಗೆ ಆ ಊರು ಹುಟ್ಟಿದ್ದು ನಕ್ಷೆಯ ದಿನ ಅಲ್ಲ. ವಾಪಸ್ ಹೋಗಬಹುದಾಗಿದ್ದವರು ಹೋಗದೆ ಉಳಿದ ಆ ಚಳಿಗಾಲದಲ್ಲಿ.

ಡೆನ್ವರ್ ಕಡೆಗೆ ಐ-70 ಹೆದ್ದಾರಿಯಲ್ಲಿ ಕಾರು ಓಡಿಸುವ ನಮ್ಮ ಕನ್ನಡದ ಗೆಳೆಯರು ತುಂಬಾ ಜನ ಇದ್ದೀರಿ. ಕಾನ್ಸಸ್‌ನಲ್ಲಿ ನೋಡಲು ಏನೂ ಇಲ್ಲ ಅಂತ ನಿಲ್ಲಿಸದೇ ಹೋಗ್ತೀರಿ, ಅಲ್ವಾ? ಎಲ್ಲಿಸ್ ಹತ್ತಿರ ಉತ್ತರಕ್ಕೆ ತಿರುಗಿ. ಅವರು ಎರಡು ದಿನ ನಡೆದ ದಾರಿ ಈಗ ಒಂದು ಗಂಟೆಯೊಳಗೆ ಮುಗಿಯುತ್ತದೆ. ಊರಲ್ಲಿ ಬೆರಳೆಣಿಕೆಯ ಜನ ಇದ್ದಾರೆ. ಹಳೆಯ ಚರ್ಚು, ಶಾಲೆ, ಹೋಟೆಲು ಸೇರಿ ಐದು ಕಟ್ಟಡಗಳು 1996ರಿಂದ ರಾಷ್ಟ್ರೀಯ ಐತಿಹಾಸಿಕ ತಾಣ. ಜುಲೈ ಕೊನೆಗೆ ಹೋದರೆ ಇನ್ನೂ ಒಳ್ಳೆಯದು. ಆ ಮೊದಲ ಕುಟುಂಬಗಳ ಮೊಮ್ಮಕ್ಕಳು, ಮರಿಮಕ್ಕಳು ದೇಶದ ಮೂಲೆಮೂಲೆಯಿಂದ ಹೋಮ್‌ಕಮಿಂಗ್‌ಗೆ, ಅಂದರೆ ಊರಿಗೆ ಮರಳಿ ಸೇರುವ ಹಬ್ಬಕ್ಕೆ, ಬಂದಿರುತ್ತಾರೆ. ಅವರನ್ನೇ ಕೇಳಿ, ಊರು ಕಟ್ಟಿದ್ದು ಯಾರು ಅಂತ.