ಬಫಾತಿಗೆ ಒಪ್ಪುವ ವೈನ್

ನಮ್ಮ ಕಾಸರಗೋಡಿನ ಕಡೆ ಯಾರೂ ಮನೆಯಲ್ಲಿ ವೈನ್ ಮಾಡುವುದಿಲ್ಲ. ಆದರೆ ಡಿಸೆಂಬರ್ ಬಂತೆಂದರೆ ಮನೆಮನೆಯಲ್ಲೂ ವೈನ್ ಇರುತ್ತದೆ. ಕೇಳಿದರೆ "ಯಾರೋ ಕೊಟ್ಟದ್ದು" ಅನ್ನುತ್ತಾರೆ. ಕೊಟ್ಟವರನ್ನು ಹುಡುಕಿ ಕೇಳಿದರೆ ಅವರಿಗೂ ಯಾರೋ ಕೊಟ್ಟದ್ದೇ.

ಇದಕ್ಕೆ ಕಾರಣ ಉಂಟು. ಪರವಾನಗಿ ಇಲ್ಲದೆ ಮನೆಯಲ್ಲಿ ವೈನ್ ಮಾಡುವುದು ಕೇರಳದ ಅಬಕಾರಿ ಕಾನೂನಿನ ಪ್ರಕಾರ ಅಪರಾಧ. 2022ರಲ್ಲಿ ಸರ್ಕಾರ ಹಣ್ಣಿನ ವೈನ್ ಮಾಡುವ ಸಣ್ಣ ಘಟಕಗಳಿಗೆ ಪರವಾನಗಿ ಕೊಡುವ ನಿಯಮ ತಂದಿತು. ಕೇರಳ ಕೃಷಿ ವಿಶ್ವವಿದ್ಯಾಲಯದವರು ‘ನಿಳಾ’ ಅಂತ ಹಣ್ಣಿನ ವೈನನ್ನೇ ಮಾಡಿದರು. ಇಷ್ಟಾದರೂ ನಮ್ಮ ಅಡುಗೆಮನೆಯ ಭರಣಿಗಳಿಗೆ ಇನ್ನೂ ಧೈರ್ಯ ಬಂದಿಲ್ಲ. ಅವು ಉಪ್ಪಿನಕಾಯಿ ಭರಣಿಗಳ ಹಿಂದೆಯೇ ಕೂತಿರುತ್ತವೆ.

ನೆರೆಮನೆಯ ಬಾಯಮ್ಮನಿಗೂ ವರ್ಷವರ್ಷ ಯಾರೋ ಕೊಡುತ್ತಾರೆ. ಅನಾನಸಿನದ್ದು, ಗೇರುಹಣ್ಣಿನದ್ದು, ಕಪ್ಪು ದ್ರಾಕ್ಷಿಯದ್ದು. ಕೆಲವು ವರ್ಷ ಬಿಂಬುಳಿಯದ್ದೂ ಇರುತ್ತದೆ. ಕ್ರಿಸ್ಮಸ್ ರಾತ್ರಿಯ ಊಟಕ್ಕೆ ಯಾವುದನ್ನು ಇಡುವುದು ಅಂತ ತೀರ್ಮಾನಿಸುವುದು ಮಾತ್ರ ನನ್ನ ಪಾಲಿನ ಕೆಲಸ. ನನಗೆ ಅಂಥ ಜ್ಞಾನವೇನೂ ಇಲ್ಲ. ಅವರ ಸಂಬಂಧಿಕರಲ್ಲಿ ಯಾರನ್ನು ಕೇಳಿದರೂ ಇನ್ನೊಬ್ಬರಿಗೆ ಬೇಜಾರಾಗುತ್ತದೆ. ನಾನಾದರೆ ಹೊರಗಿನವನು, ಬೈದರೆ ತೊಂದರೆ ಇಲ್ಲ.

ವೈನ್ ರುಚಿ ನೋಡುವುದೆಂದರೆ ಗ್ಲಾಸು ಆಡಿಸಿ, ಮೂಗಿಟ್ಟು, ಒಂದು ಗುಟುಕು ಕುಡಿದು ಕಣ್ಣು ಮುಚ್ಚುವುದು ಅಂತ ಜನ ತಿಳಿದಿದ್ದಾರೆ. ಬಾಯಮ್ಮನ ಮನೆಯಲ್ಲಿ ಆ ಕ್ರಮ ಇಲ್ಲ. ಹಬೆಯಲ್ಲಿ ಬೇಯಿಸಿದ ಅಕ್ಕಿಯ ಸನ್ನಾಣದ ಒಂದು ತುಂಡು ಮುರಿದು, ಬಫಾತಿನ, ಅಂದರೆ ಹಂದಿಮಾಂಸದ ಖಾರದ ಸಾರಿನ, ಕೆಂಪು ಗಸಿಯಲ್ಲಿ ಅದ್ದಿ ಬಾಯಿಗೆ ಹಾಕಬೇಕು. ಮೆಣಸು ನಾಲಿಗೆಗೆ ಹತ್ತಿ, ವಿನೆಗರಿನ ಹುಳಿ ಕಿವಿಯ ಬುಡದವರೆಗೆ ಹೋಗಬೇಕು. ಆಗ ಒಂದು ಗುಟುಕು. ಖಾಲಿ ಬಾಯಿಯಲ್ಲಿ ಸೊಗಸಾಗಿದ್ದದ್ದು ಬಫಾತಿನ ಎದುರು ನಿಲ್ಲುವುದಿಲ್ಲ. ಖಾಲಿ ಬಾಯಿಯಲ್ಲಿ ಸ್ವಲ್ಪ ಜಾಸ್ತಿ ಸಿಹಿ ಅನ್ನಿಸಿದ್ದು ಇಲ್ಲಿ ಸರಿಯಾಗಿ ಕೂರುತ್ತದೆ. ಸಿಹಿ ಖಾರವನ್ನು ತಗ್ಗಿಸುತ್ತದೆ. ಮದ್ಯದ ಅಂಶ ಜಾಸ್ತಿ ಇದ್ದರೆ, ಒಗರು ಜಾಸ್ತಿ ಇದ್ದರೆ ಖಾರ ಇನ್ನೂ ಉರಿಯುತ್ತದೆ. ಸಿಹಿ ವೈನ್ ಅಂದರೆ ಹಳ್ಳಿಗರದ್ದು, ಸಿಹಿಯಿಲ್ಲದ ಡ್ರೈ ವೈನ್ ಅಂದರೆ ತಿಳಿದವರದ್ದು ಅಂತ ಒಂದು ನಂಬಿಕೆ ಉಂಟಲ್ಲ, ಅದು ಬಫಾತ್ ತಿನ್ನದವರು ಮಾಡಿದ್ದಿರಬೇಕು.

ಹಾಗಾಗಿ ಮುಖ್ಯ ಊಟಕ್ಕೆ ಅನಾನಸಿನದ್ದೇ ಆಗಬೇಕು ಅಂತ ನನ್ನ ತೀರ್ಪು. ಅದರ ಹುಳಿ ಹಂದಿಯ ಕೊಬ್ಬಿಗೆ ಸಾಕು, ಸಿಹಿ ಮೆಣಸಿಗೆ ಸಾಕು. ಫ್ರಿಜ್ಜಿನಲ್ಲಿಟ್ಟು ಚೆನ್ನಾಗಿ ತಂಪು ಮಾಡಿರಬೇಕು, ಅಷ್ಟೇ. ಬಣ್ಣ ಬರಲಿ ಅಂತ ಸಕ್ಕರೆ ಸುಟ್ಟು ಹಾಕಿದ ಅನಾನಸು ವೈನೂ ಬರುತ್ತದೆ. ನೋಡಲು ರಮ್ಮಿನ ಹಾಗೆ ಕಾಣುತ್ತದೆ, ಪರಿಮಳ ಮಾತ್ರ ಕರಟಿ ಹೋಗಿರುತ್ತದೆ. ನನಗೆ ಆಗುವುದಿಲ್ಲ.

ಗೇರುಹಣ್ಣಿನದ್ದು ಬೇರೆಯೇ ಲೆಕ್ಕ. ನಮ್ಮಲ್ಲಿ ಗೇರುಮರಕ್ಕೆ ಬರವಿಲ್ಲ. ಬೀಜ ತಿರುಚಿ ತೆಗೆದ ಮೇಲೆ ಹಣ್ಣು ಮರದ ಬುಡದಲ್ಲೇ ಕೊಳೆಯುತ್ತದೆ. ಗೋವಾದವರು ಅದೇ ಹಣ್ಣಿನಿಂದ ಫೆನಿ ಇಳಿಸಿ, 2009ರಲ್ಲಿ ಅದಕ್ಕೆ ಭೌಗೋಳಿಕ ಸೂಚಿಯನ್ನೂ ತಂದರು. ಬೇಸಿಗೆಯ ಹಣ್ಣಾದ್ದರಿಂದ ಡಿಸೆಂಬರಿಗೆ ಬೇಕೆಂದರೆ ಏಪ್ರಿಲ್ಲಿನಲ್ಲೇ ಯೋಚಿಸಬೇಕು. ಹಣ್ಣಿನ ಒಗರು ಗಂಟಲನ್ನು ಕೆರೆಯುತ್ತದೆ ನೋಡಿ, ಅದನ್ನು ತೆಗೆಯಲು ರಸಕ್ಕೆ ಗಂಜಿತಿಳಿ ಅಥವಾ ಬೇಯಿಸಿದ ಸಾಬಕ್ಕಿಯ ಗಂಜಿ ಹಾಕಿ ಬಿಡುತ್ತಾರೆ. ಒಗರೆಲ್ಲ ಗಂಜಿಗೆ ಕಚ್ಚಿಕೊಂಡು ತಳಕ್ಕೆ ಇಳಿಯುತ್ತದೆ, ಮೇಲೆ ತಿಳಿರಸ ನಿಲ್ಲುತ್ತದೆ. ಎಷ್ಟು ತೆಗೆದರೂ ಚೂರು ಒಗರು ಉಳಿದೇ ಉಳಿಯುತ್ತದೆ. ಅದಕ್ಕೇ ನಾನು ಅದನ್ನು ಊಟಕ್ಕೆ ಮೊದಲು, ಉಪ್ಪು ಹಾಕಿ ಹುರಿದ ಗೇರುಬೀಜದ ಜೊತೆ ಇಡಿಸುತ್ತೇನೆ. ತೋಟದಲ್ಲಿ ಬೇರೆಯಾದ ಬೀಜ ಮತ್ತು ಹಣ್ಣು ಎಂಟು ತಿಂಗಳ ನಂತರ ಒಂದೇ ಟ್ರೇಯಲ್ಲಿ.

ದ್ರಾಕ್ಷಿಯದ್ದಕ್ಕೆ ಮರ್ಯಾದೆ ಜಾಸ್ತಿ. ಇಗರ್ಜಿಯ, ಅಂದರೆ ಚರ್ಚಿನ, ಪೂಜೆಯಲ್ಲಿ ಬಳಸುವ ವೈನ್ ದ್ರಾಕ್ಷಿಯದ್ದೇ ಆಗಿರಬೇಕು, ಬೇರೆ ಹಣ್ಣಿನದ್ದು ನಡೆಯುವುದಿಲ್ಲ ಅಂತ ಕೆಥೋಲಿಕರ ನಿಯಮ. 1890ರಷ್ಟು ಹಳೆಯ ನಮ್ಮ ಬೇಳದ ಇಗರ್ಜಿಯಲ್ಲಿ ಪೂಜೆ ಮುಗಿಸಿ ಬಂದವರು ಮನೆಯಲ್ಲೂ ಮೊದಲು ಅದನ್ನೇ ಕೇಳುತ್ತಾರೆ. ಲವಂಗ, ದಾಲ್ಚಿನ್ನಿ ಹಾಕಿ ಪಾನಕದಷ್ಟು ಸಿಹಿ ಮಾಡಿರುವುದರಿಂದ ನಾನು ಅದನ್ನು ಕೇಕು, ಕುಸ್ವಾರು ಅನ್ನುವ ಕ್ರಿಸ್ಮಸ್ ತಿಂಡಿಗಳ ಹೊತ್ತಿಗೆ ತಳ್ಳುತ್ತೇನೆ. ತಿಂಡಿಗಿಂತ ವೈನ್ ಸಪ್ಪೆಯಾದರೆ ಬರೀ ಹುಳಿ ಗೊತ್ತಾಗುತ್ತದೆ. ಇದರ ಸಿಹಿಗೆ ಆ ಭಯವಿಲ್ಲ. ಬಿಂಬುಳಿಯ ಬಗ್ಗೆ ಮಾತು ಬೇಡ. ಅದು ಮೀನುಸಾರಿಗೆ ಹಾಕುವ ಕಾಯಿ, ಅಲ್ಲೇ ಇರಲಿ.

ಮಕ್ಕಳಿಗೆ ಶುಂಠಿ ವೈನ್. ಹೆಸರಿಗೆ ವೈನ್, ಶುಂಠಿ ಸಕ್ಕರೆ ಕುದಿಸಿದ ಷರಬತ್ತು. ಕುಡಿಯದ ಹಿರಿಯರಿಗೆ ನಮ್ಮ ಸಿಪಿಸಿಆರ್‌ಐನವರು, ಅಂದರೆ ಕಾಸರಗೋಡಿನ ಕೇಂದ್ರ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯವರು, ರೂಢಿಗೆ ತಂದ ಕಲ್ಪರಸ. ತೆಂಗಿನ ಹೊಂಬಾಳೆಯಿಂದ ಮಂಜುಗಡ್ಡೆಯ ತಂಪಿನಲ್ಲಿ ಇಳಿಸುವುದರಿಂದ ಅದು ಹುಳಿಯುವುದಿಲ್ಲ. ಆದರೆ ಹೊರಗಿಟ್ಟು ಮಾತಿಗೆ ಕೂತರೆ ಅದೂ ಕಳ್ಳಾಗುವ ದಾರಿ ಹಿಡಿಯುತ್ತದೆ, ಎಚ್ಚರ.

ಇಷ್ಟೆಲ್ಲ ಹೊಂದಿಸಿದ ಮೇಲೆ ಬಾಯಮ್ಮನ ಮೈದುನ ದುಬೈಯಿಂದ ಬರುತ್ತಾನೆ. ಕೈಯಲ್ಲಿ ವಿಮಾನ ನಿಲ್ದಾಣದ ಚೀಲ, ಒಳಗೆ ಉದ್ದ ಕುತ್ತಿಗೆಯ ಕೆಂಪು ಡ್ರೈ ವೈನ್. "ಅತ್ತಿಗೆ, ಇವತ್ತು ಇದೇ" ಅನ್ನುತ್ತಾನೆ. ಎಲ್ಲರೂ ಮರ್ಯಾದೆಗೆ ಅರ್ಧರ್ಧ ಗ್ಲಾಸು ಕುಡಿಯುತ್ತಾರೆ, ನಾಲಿಗೆ ಉರಿ ಉರಿ ಅನ್ನುತ್ತಾ ಅನಾನಸಿನ ಜಗ್ಗಿಗೆ ಕೈ ಚಾಚುತ್ತಾರೆ. ಉಳಿದದ್ದು ಬಿರಡೆ ತೆಗೆದ ಮೇಲೆ ಎಷ್ಟು ದಿನ ಇದ್ದೀತು? ಹೊಸ ವರ್ಷದ ಹೊತ್ತಿಗೆ ಹುಳಿಯುತ್ತದೆ. ಬಾಯಮ್ಮ ಅದನ್ನು ಚೆಲ್ಲುವುದಿಲ್ಲ ಮಾರಾಯ್ರೆ. ಜನವರಿ ಒಂದರ ಬಫಾತಿಗೆ ವಿನೆಗರ್ ತರುವುದಿಲ್ಲ, ಅಷ್ಟೇ.