ನೀರ್ ಕುಡದ್ರೇನ್ರಿ?

ಈ ಬೇಸಿಗೆಗೆ ನಮ್ಮ ಆಫೀಸಿಗೊಂದು ಬಾಟಲಿ ಬಂದಿದೆ. ಎರಡು ಲೀಟರಿನದು, ಗುಲಾಬಿ ಬಣ್ಣ. ಮೈತುಂಬ ಗೆರೆ, ಗೆರೆಗೊಂದು ಗಂಟೆ. ಹತ್ತಕ್ಕೆ ಇಲ್ಲಿಯವರೆಗೆ ಕುಡಿದಿರಬೇಕು, ಹನ್ನೆರಡಕ್ಕೆ ಇಲ್ಲಿಯವರೆಗೆ. ಅದರ ಒಡತಿ ತಾನು ಕುಡಿದು ಸುಮ್ಮನಿರುವುದಿಲ್ಲ. "ಅಕ್ಕಾರ, ನೀರ್ ಕುಡದ್ರೇನ್ರಿ?" ಅಂತ ವಿಚಾರಿಸುತ್ತಾಳೆ. ಕುಡಿದೆ ಅಂದರೆ "ಎಷ್ಟು?" ಅನ್ನುತ್ತಾಳೆ.

ಕಲಬುರಗಿ ಇದು. ಏಪ್ರಿಲ್, ಮೇ ತಿಂಗಳಲ್ಲಿ 42 ಡಿಗ್ರಿ ದಾಟಿದರೂ ಯಾರೂ ಹುಬ್ಬೇರಿಸುವುದಿಲ್ಲ. ಸರ್ಕಾರಿ ಕಚೇರಿಗಳೇ ಬೆಳಿಗ್ಗೆ 8ಕ್ಕೆ ತೆರೆದು ಮಧ್ಯಾಹ್ನ 1.30ಕ್ಕೆ ಬಾಗಿಲು ಹಾಕುತ್ತವೆ. ಬಾಟಲಿಗೆ ಮಾತ್ರ ಸಂಜೆಯವರೆಗೂ ಡ್ಯೂಟಿ.

ದಿನಕ್ಕೆ ಎಂಟು ಲೋಟ, ಅಂದರೆ ಸುಮಾರು ಎರಡು ಲೀಟರ್ ನೀರು ಕುಡಿಯಲೇಬೇಕು ಅನ್ನುವ ಈ ಲೆಕ್ಕದ ಮೂಲ ಕೇಳಿದರೆ ಬಹಳ ಜನ 1945ರ ಅಮೆರಿಕದ ಒಂದು ಆಹಾರ ಮಂಡಳಿಯ ಕಡೆ ಬೊಟ್ಟು ಮಾಡುತ್ತಾರೆ. ದಿನಕ್ಕೆ ಎರಡೂವರೆ ಲೀಟರ್ ಬೇಕು ಅಂತ ಅದು ಬರೆದದ್ದು ನಿಜ. ಇದರಲ್ಲಿ ಹೆಚ್ಚಿನ ಪಾಲು ಊಟದಲ್ಲೇ ಸಿಗುತ್ತೆ ಅಂತಲೂ ಅಲ್ಲೇ ಒಂದು ಸಾಲು ಬರೆದಿತ್ತು. ಆ ಸಾಲನ್ನು ಯಾರೂ ಫಾರ್ವರ್ಡ್ ಮಾಡಲಿಲ್ಲ. ಬಿಸಿಲಲ್ಲಿ ಗಾರೆ ಕೆಲಸ ಮಾಡುವವರಿಗೆ ಇನ್ನೂ ಜಾಸ್ತಿ ನೀರು ಬೇಕು, ಅದು ಬೇರೆ ಮಾತು. ಬೆವರಿನ ಜೊತೆ ಉಪ್ಪೂ ಹೋಗುತ್ತೆ. ಉಪ್ಪು ಹಾಕಿದ ಮಜ್ಜಿಗೆ, ಅಂಬಲಿ ಇರುವುದು ಸುಮ್ನೆ ಅಲ್ಲ.

ನೀರು ಕುಡಿಯಲು ಮರೆಯುತ್ತೇವಂತೆ! ಬಸ್ಸಿನಲ್ಲಿ ದೂರ ಹೋಗುವ ಹೆಂಗಸರನ್ನು ಕೇಳಿ ನೋಡಿ. ಹಿಂದಿನ ರಾತ್ರಿಯಿಂದಲೇ ನೀರು ಕಡಿಮೆ ಮಾಡಿರುತ್ತಾರೆ. ಯಾವ ಸ್ಟ್ಯಾಂಡಿನ ಶೌಚಾಲಯಕ್ಕೆ ಬೀಗ, ಯಾವುದಕ್ಕೆ ಚಿಲಕವೇ ಇಲ್ಲ, ಎಲ್ಲಾ ಅವರಿಗೆ ಬಾಯಿಪಾಠ. ಬಾಯಾರುವ ಮೊದಲೇ ಕುಡಿಯಿರಿ ಅಂತ ಉಪದೇಶ ಮಾಡುವವರು ಆಮೇಲೆ ಎಲ್ಲಿ ಹೋಗಬೇಕು ಅಂತಲೂ ಹೇಳಲಿ.

ಇರಲಿ. ನಮ್ಮ ಬಡಾವಣೆಯ ಅರವಟಿಗೆಯ ಕಥೆ ಹೇಳುತ್ತೇನೆ. ಯುಗಾದಿ ಮುಗಿದ ಮೇಲೆ ಮುಖಂಡರೊಬ್ಬರು ಸರ್ಕಲ್ಲಿನಲ್ಲಿ ಅದನ್ನು ಉದ್ಘಾಟಿಸಿದರು. ನಾಲ್ಕು ಹರವಿ, ಅವುಗಳ ಕೊರಳಿಗೆ ಒದ್ದೆ ಬಟ್ಟೆ, ಮೇಲೆ ಬೇವಿನ ಸೊಪ್ಪು. ನೀರಿಗೆ ಲಾವಂಚದ ಬೇರು ಕೂಡ ಹಾಕಿದ್ದರು, ಸುಳ್ಳು ಹೇಳಬಾರದು. ಆದರೆ ಟೇಪ್ ಕತ್ತರಿಸುವವರೆಗೆ ಯಾರೂ ಹರವಿ ಮುಟ್ಟುವಂತಿರಲಿಲ್ಲ. ಅವರು ಬಂದದ್ದು ಹನ್ನೆರಡೂವರೆಗೆ. ಆಮೇಲೆ ಭಾಷಣ, ನೀರೇ ಜೀವ ಅಂತ. ನಾವು ನೆತ್ತಿಗೆ ಸೆರಗು ಹೊದ್ದು ಹರವಿ ನೋಡುತ್ತಾ ನಿಂತೆವು. ಮೊದಲ ಲೋಟ ಅವರಿಗೇ ಕೊಟ್ಟರು. ತುಟಿಗೆ ಹಿಡಿದು ಕ್ಯಾಮೆರಾ ನೋಡಿದರು. ಫೋಟೋ ಚೆನ್ನಾಗಿ ಬರಲಿಲ್ಲವೋ ಏನೋ, ಇನ್ನೊಮ್ಮೆ ಹಿಡಿದರು. ಕುಡಿದದ್ದನ್ನು ನಾನಂತೂ ನೋಡಲಿಲ್ಲ. ಅವರ ಕಾರಿನಲ್ಲಿ ಫ್ರಿಜ್ ನೀರು ಇತ್ತು.

ಲೋಟಕ್ಕೆ ಸರಪಳಿ ಕಟ್ಟಿದ್ದರು. ಅದು ಎಷ್ಟು ಗಿಡ್ಡ ಅಂದರೆ ಎತ್ತರದವರು ಹರವಿಗೆ ನಮಸ್ಕಾರ ಮಾಡಿದ ಹಾಗೆ ಬಗ್ಗಿ ಕುಡಿಯಬೇಕು. ಸ್ವಲ್ಪ ದಿನ ಒಬ್ಬ ಹುಡುಗ ನೀರು ತುಂಬಿದ. ಆಮೇಲೆ ಅವನು ಕಾಣಲಿಲ್ಲ. ಹರವಿಗಳು ಒಣಗಿದವು. ಒಂದು ಒಡೆಯಿತು, ಎರಡು ಯಾರದೋ ಮನೆ ಸೇರಿದವು, ಉಳಿದದ್ದರಲ್ಲಿ ಗುಟ್ಕಾ ಚೀಟಿ. ಲೋಟ ಸರಪಳಿ ಸಮೇತ ಹೋಯಿತು.

ಬ್ಯಾನರ್ ಮಾತ್ರ ಹಾಗೇ ಇತ್ತು. ಗಟ್ಟಿ ಫ್ಲೆಕ್ಸು ಅದು. ಕಲ್ಲಂಗಡಿ ಮಾರುವವನು ಬಿಚ್ಚಿಕೊಂಡು ಹೋಗಿ ಗಾಡಿ ಮೇಲೆ ನೆರಳಿಗೆ ಕಟ್ಟಿದ್ದಾನೆ. ಮುಖಂಡರ ಮುಖ ಒಳಗಡೆ. ಹಣ್ಣು ಆರಿಸಲು ಬಗ್ಗಿದವರು ತಲೆ ಎತ್ತಿದರೆ ಅವರೇ ಕೈಮುಗಿದು ನಗುತ್ತಾರೆ.

ಕಲ್ಲಂಗಡಿಯಲ್ಲಿ ನೂರಕ್ಕೆ ತೊಂಬತ್ತು ಪಾಲಿಗಿಂತ ಹೆಚ್ಚು ನೀರೇ. ಅದಕ್ಕೆ ಗಂಟೆಯ ಗೆರೆ ಬೇಡ. ನನ್ನ ತಕರಾರು ಈ ಬಡಿದು ನೋಡುವವರ ಮೇಲೆ. ನಿನ್ನೆ ಒಬ್ಬರು ಸಾಲಾಗಿ ಎಲ್ಲಾ ಹಣ್ಣಿಗೂ ಬಡಿದು, ಕಿವಿಗೊಟ್ಟು ಕೇಳಿ, ತಲೆಯಾಡಿಸಿ, ಏನೂ ಕೊಳ್ಳದೆ ಹೋದರು. ಅಷ್ಟು ಹೊತ್ತು ನಾನು ಹಿಂದೆ ಬಿಸಿಲಲ್ಲಿ. ಗಾಡಿಯವನು ತಾನೇ ಒಂದು ಹಣ್ಣು ಎತ್ತಿ, ಚಾಕುವಿನಿಂದ ಮೂರು ಮೂಲೆಯ ತುಂಡು ತೆಗೆದು ತೋರಿಸಿದ. ತುಂಡು ಕೆಂಪಗಿತ್ತು. ಮನೆಗೆ ತಂದು ಹೆಚ್ಚಿದರೆ ಉಳಿದದ್ದೆಲ್ಲ ಬಿಳಿ. ಉಪ್ಪು, ಖಾರದಪುಡಿ ಉದುರಿಸಿ ತಿಂದೆವು. ಅರ್ಧ ಹಾಗೇ ಇದೆ, ಬೇಕಾದವರು ಬನ್ನಿ.