ಕೊಲೆಸ್ಟ್ರಾಲ್ ನಾರ್ಮಲ್ ಇದ್ದರೂ ಹಿಮ್ಮಡಿಯಲ್ಲಿ ಗಂಟು

ಹಿಮ್ಮಡಿ ಮೇಲೆ ಗಂಟು ಕಂಡರೆ ಕೊಲೆಸ್ಟ್ರಾಲ್ ಪರೀಕ್ಷೆ ಮಾಡಿಸಿ ಎಂದು ಹೇಳುವುದುಂಟು. ಸರಿ, ಆದರೆ ರಿಪೋರ್ಟ್ ನಾರ್ಮಲ್ ಬಂತೆಂದು ಸುಮ್ನೆ ಕೂರಬೇಡಿ. ಸೆರೆಬ್ರೊಟೆಂಡಿನಸ್ ಕ್ಸಾಂತೊಮಟೋಸಿಸ್ ಎಂಬ ಅಪರೂಪದ ಕಾಯಿಲೆಯಲ್ಲಿ ಹೀಗೇ ಆಗಬಹುದು. ಸಿವೈಪಿ27ಎ1 ಜೀನ್ ಕೆಟ್ಟು, ಲಿವರ್ ಪಿತ್ತದ ಆಮ್ಲವನ್ನು ಸರಿಯಾಗಿ ತಯಾರಿಸುವುದಿಲ್ಲ. ಕೊಲೆಸ್ಟನಾಲ್ ಎಂಬ ಕೊಬ್ಬು ಜಾಸ್ತಿಯಾಗಿ ಮಿದುಳು, ಕಣ್ಣು, ಸ್ನಾಯುರಜ್ಜುಗಳಲ್ಲಿ (ಸ್ನಾಯುವನ್ನು ಮೂಳೆಗೆ ಕಟ್ಟುವ ನಾರು) ಸೇರಿಕೊಳ್ಳುತ್ತದೆ.

ಕಷ್ಟ ಏನೆಂದರೆ ಲಕ್ಷಣಗಳು ಒಟ್ಟಿಗೆ ಬರುವುದಿಲ್ಲ. ಕೂಸಿದ್ದಾಗ ನಿಲ್ಲದ ಭೇದಿ. ಶಾಲೆಗೆ ಹೋಗುವ ವಯಸ್ಸಿನಲ್ಲೋ ಹದಿಹರೆಯದಲ್ಲೋ ಕಣ್ಣಿಗೆ ಪೊರೆ. ಗಂಟು, ನಡಿಗೆಯ ತೊಡಕು ಹೆಚ್ಚಾಗಿ ಆಮೇಲೆ. ಒಂದೊಂದಕ್ಕೂ ಒಬ್ಬೊಬ್ಬ ಡಾಕ್ಟರು, ಜೋಡಿಸಿ ನೋಡುವವರು ಯಾರು? ಮಗುವಿಗೆ ಪೊರೆ ಬಂದಾಗ ‘ಚಿಕ್ಕಂದಿನಲ್ಲಿ ಭೇದಿ ಇತ್ತಾ?’ ಎಂದು ಕಣ್ಣಿನ ಡಾಕ್ಟರು ಒಂದು ಮಾತು ಕೇಳಬಹುದು, ಅಲ್ವಾ?

ಇದಕ್ಕೆ ಔಷಧಿಯೂ ಇದೆ, ಕೀನೋಡಿಯಾಕ್ಸಿಕೋಲಿಕ್ ಆಮ್ಲ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2025ರಲ್ಲಿ ಈ ಕಾಯಿಲೆಗೆಂದೇ ಒಪ್ಪಿಗೆ ಕೊಟ್ಟಿತು. ಬೇಗ ಶುರು ಮಾಡಿದಷ್ಟೂ ಒಳ್ಳೆಯದು. ಮಿದುಳು ಜಾಸ್ತಿ ಹಾಳಾದ ಮೇಲೆ ಕೊಟ್ಟರೆ ಅಷ್ಟು ಲಾಭವಿಲ್ಲ.

ತಂದೆ, ತಾಯಿ ಇಬ್ಬರಿಂದಲೂ ಕೆಟ್ಟ ಜೀನ್ ಬಂದರೆ ಮಾತ್ರ ಈ ಕಾಯಿಲೆ. ನಮ್ಮಲ್ಲಿ ಸೋದರಮಾವ, ಅತ್ತೆ ಮಗ ಎಂದು ಒಳಗೊಳಗೇ ಮದುವೆ ಮಾಡುತ್ತೇವಲ್ಲ, ಅಂಥ ಮನೆಗಳಲ್ಲಿ ಈ ಸಾಧ್ಯತೆ ಹೆಚ್ಚು. ಒಬ್ಬರಿಗೆ ಪತ್ತೆಯಾದರೆ ಅಣ್ಣತಮ್ಮ, ಅಕ್ಕತಂಗಿಯರನ್ನೂ ಪರೀಕ್ಷೆ ಮಾಡಿಸಿ.